ಬಾಯಿ ಕಾಣುವ ಟಿವಿ

ಲೇ ಕಡ್ಡಿ,

ಈ ಕಾಗದ ಬಿಚ್ಚಿದವರು ಬೇರೆ ಯಾರಾದರೂ ಆಗಿದ್ದರೆ ಇಲ್ಲಿಗೇ ನಿಲ್ಲಿಸಿ ಅವಳ ಕೈಗೆ ಕೊಡಿ. ಅವಳು ಇಲ್ಲ ಅಂತಾದರೆ ಅದನ್ನೂ ಒಂದು ಸಾಲು ಬರೆದು ತಿಳಿಸಿ. ಸುತ್ತಿ ಬಳಸಿ ಹೇಳುವವರು ನನಗೆ ಆಗಿಬರುವುದಿಲ್ಲ.

ಕಡ್ಡಿ, ನಾನು ಕಣೇ. ನೂಲಿನ ಮಿಲ್ಲಿನಲ್ಲಿ ನಿನ್ನ ಎದುರು ಸಾಲಿನಲ್ಲಿ ನಿಲ್ಲುತ್ತಿದ್ದವಳು. ಮೆಣಸಿನಕಾಯಿ ಅಂತ ನೀನೇ ಹೆಸರಿಟ್ಟೆಯಲ್ಲ, ಅವಳು. ಮಿಲ್ಲು ಮುಚ್ಚಿ ನೀನು ಊರು ಬಿಟ್ಟು ಅಣ್ಣನ ಮನೆಗೆ ಹೊರಟ ದಿನ ಬಸ್ಸಿನ ಗಾಜಿನ ಹಿಂದೆ ಕೂತು ನನಗೆ 'ಬರೀಬೇಡ' ಅಂದೆ. ಸರಿ ಬಿಡು, ಬರೆಯುವುದಿಲ್ಲ ಅಂತ ನಾನೂ ಹಟ ಹಿಡಿದೆ. ಆಗ ಕಪ್ಪಗಿದ್ದ ನನ್ನ ತಲೆ ಈಗ ಹತ್ತಿಯ ಉಂಡೆಯಾಗಿದೆ. ಈಗ ಬರೆಯುವುದಕ್ಕೆ ಕಾರಣ, ನಮ್ಮ ಮನೆಗೆ ಹೊಸ ಟಿವಿ ತಂದೆವು. ನಗಬೇಡ, ಪೂರ್ತಿ ಓದು.

ನಿನ್ನ ಕಿವಿ ಮಿಲ್ಲಿನಲ್ಲಿರುವಾಗಲೇ ಹೋಯಿತು. ನನ್ನದು ಆಮೇಲೆ ಹೋಯಿತು, ಹೇಳದೆ ಕೇಳದೆ. ಮೊದಲು ಗುಬ್ಬಿ ಹೋಯಿತು, ಆಮೇಲೆ ಕುಕ್ಕರಿನ ಸೀಟಿ, ಆಮೇಲೆ ಮೊಮ್ಮಕ್ಕಳ ಪಿಸುಮಾತು. ಈಗ ಯಾರಾದರೂ ಕೂಗಿದರೆ ದೂರದಲ್ಲಿ ಯಾರೋ ನೀರಿನೊಳಗಿಂದ ಕರೆದ ಹಾಗೆ ಕೇಳುತ್ತದೆ. ಕೂಗಬೇಡಿ, ಮುಖ ಇತ್ತ ತಿರುಗಿಸಿ ಮಾತಾಡಿ ಅಂತ ಬೈಯುತ್ತೇನೆ. ತಿರುಗಿಸಿದರೆ ಸಾಕು, ಬಾಯಿ ನೋಡಿ ಎಲ್ಲ ತಿಳಿದುಕೊಳ್ಳುತ್ತೇನೆ. ನಮಗೆ ಆ ವಿದ್ಯೆ ಕಲಿಸಿದ್ದು ಮಿಲ್ಲಲ್ಲವಾ.

ಹಳೇ ಟಿವಿಯನ್ನೂ ಹಾಗೇ ನೋಡುತ್ತಿದ್ದೆ, ಸದ್ದು ಆರಿಸಿ. ಒಂದು ದಿನ ಅದರ ಪರದೆಯ ಕೆಳಗಿನ ಅರ್ಧ ಕಪ್ಪಾಯಿತು. ಮೇಲೆ ಹಣೆ, ಕಣ್ಣು, ಮೂಗಿನ ತುದಿ. ಬಾಯೇ ಇಲ್ಲ. ಮಗ ಸೊಸೆಗೆ ತೊಂದರೆಯಿಲ್ಲ, ಅವರು ಕಿವಿಯಲ್ಲಿ ಕೇಳಿಕೊಂಡು ಊಟ ಮಾಡುತ್ತಿದ್ದರು. ನಾನು ಮಾತ್ರ ಬರೀ ಕಣ್ಣುಗಳನ್ನು ನೋಡುತ್ತ ಕೂತೆ. ಕಣ್ಣು ಅಳುತ್ತಿತ್ತು, ಯಾಕೆ ಅಂತ ಗೊತ್ತಿಲ್ಲ. ಕಣ್ಣು ನಗುತ್ತಿತ್ತು, ಯಾರಿಗೆ ಅಂತ ಗೊತ್ತಿಲ್ಲ. ನೋಡುತ್ತ ನೋಡುತ್ತ ಜೊಂಪು ಹತ್ತುತ್ತಿತ್ತು. ಆ ಜೊಂಪಿನಲ್ಲಿ ನೀನು ಬರುತ್ತಿದ್ದೆ ಕಣೇ. ಮೂಗಿನವರೆಗೆ ಬಟ್ಟೆ ಕಟ್ಟಿಕೊಂಡು, ರೆಪ್ಪೆಯ ಮೇಲೆಲ್ಲ ಹತ್ತಿಯ ನೊರೆ ಕೂತು, ಯಂತ್ರದ ಆಚೆಗೆ ನಿಂತು ನನ್ನನ್ನೇ ನೋಡುತ್ತಿದ್ದೆ. ಬಟ್ಟೆ ಇಳಿಸೇ, ಏನು ಹೇಳ್ತಿದ್ದೀಯ ಅಂತ ನಾನು ಕೇಳುವಷ್ಟರಲ್ಲಿ ಯಾರೋ ತೋಳು ಅಲ್ಲಾಡಿಸಿ ಎಬ್ಬಿಸುತ್ತಿದ್ದರು.

ನೆನಪಿದೆಯಾ, ಮೇಲಿನ ಗಾಜಿನ ಕಿಂಡಿಗಳಿಂದ ಬಿಸಿಲು ಕಂಬಗಳ ಹಾಗೆ ಇಳಿಯುತ್ತಿತ್ತು, ಅದರ ತುಂಬ ಹತ್ತಿಯ ನವಿರು ತೇಲುತ್ತಿತ್ತು. ಸಾವಿರ ಕದಿರು ತಿರುಗುವ ಗದ್ದಲದಲ್ಲಿ ಪಕ್ಕದಲ್ಲಿ ಬಾಂಬು ಬಿದ್ದರೂ ಕೇಳುತ್ತಿರಲಿಲ್ಲ. ನಾವಿಬ್ಬರೂ ಮಾತ್ರ ದಿನವಿಡೀ ಹರಟುತ್ತಿದ್ದೆವು, ಬಾಯಿ ಅಗಲಿಸಿ, ಸದ್ದಿಲ್ಲದೆ. ಮೇಸ್ತ್ರಿ ಹಿಂದೆ ಬಂದು ನಿಂತರೂ ಅವನನ್ನೇ ಬೈದುಕೊಂಡು ನಗುತ್ತಿದ್ದೆವು. ಎಳೆ ಹರಿದರೆ ಕೈ ತಾನಾಗೇ ಗಂಟು ಹಾಕುತ್ತಿತ್ತು, ಕಣ್ಣು ನಿನ್ನ ಬಾಯಿ ಬಿಟ್ಟು ಅಲ್ಲಾಡುತ್ತಿರಲಿಲ್ಲ.

ಒಂದೇ ಒಂದು ತೊಡಕು. 'ಮ' ಅಂದರೂ ತುಟಿ ಕೂಡುತ್ತದೆ, 'ಬ' ಅಂದರೂ ಕೂಡುತ್ತದೆ. ಮನೆಯಿಂದ ಸುದ್ದಿ ಬಂದು, ನಮ್ಮ ಮಾವ ತೀರಿಕೊಂಡರು ಅಂತ ನಾನು ಓಡುವ ಮೊದಲು ಹೇಳಿದ್ದು ನಿನಗೆ ಭಾವ ತೀರಿಕೊಂಡರು ಅಂತ ಕಂಡಿತು. ಸಂಜೆ ನೀನು ಅಳುತ್ತ ನಮ್ಮನೆಗೆ ಬಂದರೆ ಬಾಗಿಲು ತೆಗೆದದ್ದು ಭಾವನೇ. ನೀನು ಕಿಟಾರನೆ ಕಿರುಚಿದ್ದಕ್ಕೆ ಹೆಣದ ಮುಂದೆ ಕೂತಿದ್ದ ನಮ್ಮತ್ತೆಯೂ ನಕ್ಕುಬಿಟ್ಟರು. ಆಮೇಲೆ ತಾನೇ ನಾವು ಕಟ್ಟು ಮಾಡಿಕೊಂಡದ್ದು? 'ಮ' ಬಂದರೆ ಬೆರಳಲ್ಲಿ ಮೂಗು ಮುಟ್ಟಬೇಕು. ಮುಟ್ಟದಿದ್ದರೆ ಅದು 'ಬ'. ಆಮೇಲೆ ಒಂದು ಸಲವೂ ತಪ್ಪಲಿಲ್ಲ.

ಬಸ್ಸಿನಲ್ಲಿ ನೀನು ಮೂಗು ಮುಟ್ಟಲಿಲ್ಲ.

ಅದಕ್ಕೇ ಬರೀಬೇಡ ಅಂತ ಓದಿಕೊಂಡೆ. ಅದರ ಹಿಂದಿನ ವಾರವೇ ನೀನು ನನ್ನ ರಜೆ ಚೀಟಿ ನೋಡಿ, ಇದೇನು ಕೋಳಿ ಕೆದಕಿದ್ದಾ ಅಂತ ಎಲ್ಲರ ಮುಂದೆ ನಗಾಡಿದ್ದೆ. ನೀನು ಏಳನೇ ಕ್ಲಾಸು, ನಾನು ಮೂರಕ್ಕೇ ಬಿಟ್ಟವಳು. ಓಹೋ, ನನ್ನ ಅಕ್ಷರ ಇವಳ ಅಣ್ಣನ ಮನೆಗೆ ಹೋದರೆ ಇವಳ ಮರ್ಯಾದೆ ಹೋಗುತ್ತದೆ ಅಂದುಕೊಂಡೆ. ಬಸ್ಸು ಹೊರಡುವ ಮೊದಲೇ ಬೆನ್ನು ತಿರುಗಿಸಿ ನಡೆದೆ. ನಿನ್ನ ವಿಳಾಸ ನನಗೆ ಬಾಯಿಪಾಠ ಇತ್ತು. ನೀನೇ ನನಗೆ ಬರೆಯಬೇಕೆಂದರೆ ನನ್ನದು ಅಂತ ವಿಳಾಸವೇ ಇರಲಿಲ್ಲ, ಮಿಲ್ಲಿನ ಮನೆ ಖಾಲಿ ಮಾಡಿ ಎಲ್ಲಿಗೆ ಹೋಗುತ್ತೇವೋ ನಮಗೇ ಗೊತ್ತಿರಲಿಲ್ಲ.

ಈಗ ಅಂಗಡಿಯ ವಿಷಯಕ್ಕೆ ಬರುತ್ತೇನೆ. ಹೋದ ಭಾನುವಾರ ಮಗ, ಸೊಸೆ, ನಾನು ಹೋದೆವು. ಮಗನಿಗೆ ಗೋಡೆಯಷ್ಟು ದೊಡ್ಡದು ಬೇಕು, ಕ್ರಿಕೆಟ್ ಚೆಂಡು ಕಲ್ಲಂಗಡಿಯಷ್ಟು ಕಾಣಬೇಕು. ಸೊಸೆಗೆ ಧೂಳು ಒರೆಸಲು ಸುಲಭವಾದದ್ದು ಬೇಕು. ಒಳಗೆ ಕಾಲಿಟ್ಟರೆ ಉದ್ದಕ್ಕೂ ಟಿವಿಗಳ ಗೋಡೆ, ಎಲ್ಲದರಲ್ಲೂ ಒಂದೇ ಮೀನು. ಕೆಂಪು ಮೀನು, ನೀಲಿ ನೀರು. ಸದ್ದಿಲ್ಲ. ನೂರು ಬಾಯಿ ಒಟ್ಟಿಗೆ ತೆರೆದು ಮುಚ್ಚುತ್ತಿವೆ. ಆ ನೀಲಿ ಬೆಳಕು ನೆಲದ ಮೇಲೆ, ನಮ್ಮ ಬಟ್ಟೆಯ ಮೇಲೆ, ಮಗನ ಬೋಳುತಲೆಯ ಮೇಲೆಲ್ಲ ಹರಿದಾಡುತ್ತಿತ್ತು. ನನಗೆ ನೆಲದ ಮೇಲೆ ನಿಂತಿದ್ದೇನೋ ತೇಲುತ್ತಿದ್ದೇನೋ ತಿಳಿಯದಾಯಿತು. ಸೊಸೆ ಕೈ ಹಿಡಿದುಕೊಂಡಳು.

ಅಂಗಡಿಯವನು, 'ಬಣ್ಣ ನೋಡಿ ಅಮ್ಮ, ಮೀನಿನ ಮೈಯ ಒಂದೊಂದು ಹುರುಪೆ ಎಣಿಸಬಹುದು' ಅಂದ. ಮೀನು ಕೊಳ್ಳಲು ಬಂದಿಲ್ಲ, ಮಾತಾಡುವ ಮನುಷ್ಯರನ್ನು ಹಾಕು ಅಂದೆ. ಅವನು ಸದ್ದಿನ ಪೆಟ್ಟಿಗೆ ತೋರಿಸಲು ಹೋದ. ಸದ್ದು ನಿನ್ನ ಹತ್ತಿರವೇ ಇಟ್ಟುಕೋ, ಬಾಯಿ ತೋರಿಸು ಅಂದೆ. ಮಗ ನನಗೆ ಸಂಬಂಧವೇ ಇಲ್ಲದವನ ಹಾಗೆ ಫ್ರಿಜ್ಜುಗಳ ಕಡೆ ಹೋದ. ಮೊದಲು ಬೇರೆ ಭಾಷೆಯಿಂದ ನಮ್ಮ ಭಾಷೆಗೆ ತಂದದ್ದೊಂದು ಹಾಕಿದ. ಅದರಲ್ಲಿ ತುಟಿ ಒಂದು ಹೇಳುತ್ತದೆ, ಮಾತು ಇನ್ನೊಂದಂತೆ, ಅರ್ಧ ಗಂಟೆ ನೋಡಿದರೆ ನನಗೆ ತಲೆ ತಿರುಗುತ್ತದೆ. ನಮ್ಮದೇ ಧಾರಾವಾಹಿ ಹಾಕಪ್ಪ ಅಂತ ಸೊಸೆ ಹೇಳಿದಳು.

ಹಾಕಿದ. ರೈಲಿನ ಕಿಟಕಿಯಲ್ಲಿ ಒಬ್ಬ ಹುಡುಗಿ. ಚಿಕ್ಕ ಟಿವಿಯಲ್ಲಿ ಅಂಗೈಯಷ್ಟು ಮುಖ, ದೊಡ್ಡದರಲ್ಲಿ ಬಾಗಿಲಿನಷ್ಟು ಮುಖ. ಎಲ್ಲ ಮುಖಗಳೂ ನನ್ನ ಕಡೆಗೇ ಬಾಗಿ ತುಟಿ ಕೂಡಿಸಿ ಏನೋ ಅಂದವು. ನಾನು ಗಟ್ಟಿಯಾಗಿ, ಕಿವಿ ಹೋದವರಿಗೆ ತಮ್ಮ ದನಿಯ ಅಳತೆ ಎಲ್ಲಿರುತ್ತದೆ, ಅಂಗಡಿಗೆಲ್ಲ ಕೇಳುವ ಹಾಗೆ ಅಂದೆ: "ನೋಡು, ಬರೀಬೇಡ ಅಂತಿದ್ದಾಳೆ. ಸೊಕ್ಕು ನೋಡು ಅವಳಿಗೆ."

ಸೊಸೆ ನನ್ನ ಮುಂದೆ ಬಂದು ನಿಂತು, ನನ್ನ ಅಂಗೈ ಮೇಲೆ ಬೆರಳಲ್ಲಿ 'ಮ' ಬರೆದು ತೋರಿಸುತ್ತ ನಿಧಾನವಾಗಿ ಹೇಳಿದಳು: "ಅಲ್ಲ ಅತ್ತೆ, ನಾನು ನಿನ್ನೆ ನೋಡಿದ್ದೀನಿ. ಮರೀಬೇಡ ಅಂತಾಳೆ. ಮರೀಬೇಡ."

"ಮತ್ತೆ ಮೂಗು ಮುಟ್ಟಲಿಲ್ಲ?"

"ಅವಳು ಯಾಕೆ ಅತ್ತೆ ಮೂಗು ಮುಟ್ಟಬೇಕು? ಅವಳ ಎರಡು ಕೈಯಲ್ಲೂ ಮಗು ಇದೆಯಲ್ಲ."

ಕಡ್ಡಿ, ಆಗ ನನಗೆ ಕಂಡಿತು. ಟಿವಿಯಲ್ಲಿ ಅಲ್ಲ. ನಿನ್ನ ತೊಡೆಯ ಮೇಲೆ ಗಾಜಿನ ಬಟ್ಟಲುಗಳ ಡಬ್ಬ ಇತ್ತು, ಅಣ್ಣನ ಹೆಂಡತಿಗೆ ಅಂತ ನೀನು ಕೊಂಡದ್ದು. ಆ ಬಸ್ಸು ನಿಂತಲ್ಲೇ ಗಡಗಡ ನಡುಗುತ್ತಿತ್ತು. ಒಡೆದೀತು ಅಂತ ನೀನು ಅದನ್ನು ಎರಡು ತೋಳಲ್ಲೂ ಎದೆಗೆ ಅವುಚಿಕೊಂಡಿದ್ದೆ. ಮೂಗು ಮುಟ್ಟಲು ನಿನಗೆ ಕೈ ಎಲ್ಲಿತ್ತು?

ಎರಡನ್ನೂ ಸದ್ದಿಲ್ಲದೆ ಹೇಳು ಅಂತ ಸೊಸೆಗೆ ಹೇಳಿದೆ. ಒಂದಾದ ಮೇಲೆ ಒಂದು ಹೇಳಿದಳು, ಮತ್ತೆ ಮತ್ತೆ ಹೇಳಿದಳು. ಯಾವುದು ಯಾವುದೆಂದು ನನಗೆ ಗೊತ್ತಾಗಲಿಲ್ಲ. ಅಲ್ಲೇ ಒಂದು ಡಬ್ಬದ ಮೇಲೆ ಕೂತುಬಿಟ್ಟೆ. ಅಂಗಡಿಯವನು ಬೆಲೆ ಕೇಳಿ ತಲೆಸುತ್ತು ಬಂತೆಂದು ನೀರು ತಂದು ಕೊಟ್ಟ. ಬೆಲೆ ಇನ್ನೂ ಹೇಳೇ ಇರಲಿಲ್ಲ ಪಾಪ.

ತಪ್ಪು ನಿನ್ನದೂ ಅಲ್ಲ, ನನ್ನದೂ ಅಲ್ಲ, ಆ ಬಟ್ಟಲುಗಳದ್ದು. ಈಗ ಎಲ್ಲಾದರೂ ಸಿಕ್ಕಿದರೆ ಒಂದೊಂದಾಗಿ ಒಡೆದುಹಾಕುತ್ತೇನೆ. ಮರೀಬೇಡ ಅಂತ ಹೇಳಿ ಹೋಗಿ ನೀನು ಪೋಸ್ಟಿನವನ ದಾರಿ ಎಷ್ಟು ದಿನ ನೋಡಿದೆಯೋ. ಮರೆಯಲಿಲ್ಲ ಕಣೇ. ಸಿಟ್ಟು ಮಾಡಿಕೊಂಡಾದರೂ ದಿನಾ ನೆನೆದಿದ್ದೇನೆ. ಬೈಯುವುದಕ್ಕೆ ನಿನ್ನಷ್ಟು ಹೊತ್ತು ನನಗೆ ಬೇರೆ ಯಾರೂ ಒದಗಲಿಲ್ಲ.

ಆಮೇಲೆ ಯಾವ ಟಿವಿ ಅಂತ ಆಯ್ದದ್ದು ನಾನೇ. ತೀರಾ ದೊಡ್ಡದರಲ್ಲಿ ತುಟಿ ಬಾಗಿಲ ಪರದೆಯ ಹಾಗೆ, ನೋಡಿದರೆ ಭಯ. ಚಿಕ್ಕದರಲ್ಲಿ ಇರುವೆಯ ಬಾಯಿ. ನಡುವಿನದೊಂದರ ಮುಂದೆ ಕುರ್ಚಿ ಹಾಕಿಸಿ ಕೂತೆ. ಯಂತ್ರದ ಆಚೆಯಿಂದ ನಿನ್ನ ಮುಖ ನನಗೆ ಎಷ್ಟು ಕಾಣುತ್ತಿತ್ತೋ ಅಷ್ಟೇ ಕಂಡಿತು. ಇದೇ ಇರಲಿ ಅಂದೆ. ಮಗ ಗೋಡೆಯಷ್ಟು ದೊಡ್ಡದನ್ನು ತಿರುತಿರುಗಿ ನೋಡುತ್ತ ಹೊರಗೆ ಬಂದ.

ಆದರೆ ಟಿವಿ ಇನ್ನೂ ಡಬ್ಬದಲ್ಲೇ ಇದೆ. ನಾನು ಬಿಚ್ಚಲು ಬಿಟ್ಟಿಲ್ಲ. ಗೋಡೆಗೆ ಹಾಕುವವನು ಬಂದಿದ್ದ, ವಾಪಸು ಕಳಿಸಿದೆ. ನೀನು ಬಂದು ಕೂತು, ನಿನ್ನ ಕಣ್ಣಿಗೆ ಎಲ್ಲಿಂದ ಸರಿಯಾಗಿ ಕಾಣುತ್ತದೆ ಅಂತ ಹೇಳಿದ ಮೇಲೇ ಮೊಳೆ ಹೊಡೆಯುವುದು. ನಾವಿಬ್ಬರೂ ಸದ್ದು ಆರಿಸಿ ನೋಡೋಣ. ನೀನು ಓದಿದ್ದು ತಪ್ಪು ಅಂತ ನಾನನ್ನುತ್ತೇನೆ, ನಾನು ಓದಿದ್ದು ತಪ್ಪು ಅಂತ ನೀನು ಅನ್ನು. ಯಾರ ಕಥೆ ಎಲ್ಲಿಗೆ ಹೋಗುತ್ತದೋ ಹೋಗಲಿ. ನನ್ನ ಕೋಣೆಯಲ್ಲಿ ಕಿಟಕಿ ಪಕ್ಕ ಇನ್ನೊಂದು ಮಂಚ ಹಾಕಿಸಿದ್ದೇನೆ. ನಾಲ್ಕು ದಿನಕ್ಕೆ ಬಾ ಅಂತ ನಾನು ಹೇಳುವುದಿಲ್ಲ. ಮಂಚ ಯಾರೂ ನಾಲ್ಕು ದಿನಕ್ಕೆ ಹಾಕಿಸುವುದಿಲ್ಲ.

ನಿನ್ನ ಅಣ್ಣನ ಮನೆ ಇನ್ನೂ ಅದೇ ಬೀದಿಯಲ್ಲಿದೆಯೋ ಇಲ್ಲವೋ ಗೊತ್ತಿಲ್ಲ. ಲಕೋಟೆಯ ಮೇಲಿನ ವಿಳಾಸ ಸೊಸೆ ಬರೆದದ್ದು, ಗುಂಡಗಿದೆ, ಪೋಸ್ಟಿನವನಿಗೆ ನೆಪ ಸಿಗುವುದಿಲ್ಲ. ಒಳಗಿನದೆಲ್ಲ ನನ್ನದೇ. ಓದಲು ಕಷ್ಟವಾದರೆ ಕಷ್ಟಪಡು. ಒಬ್ಬಳೇ ಬರಲು ಆಗದಿದ್ದರೆ ಒಂದು ಸಾಲು ತಿಳಿಸು, ಸೊಸೆಯನ್ನು ಕಟ್ಟಿಕೊಂಡು ನಾನೇ ಬಂದು ಕರೆತರುತ್ತೇನೆ.

ಬೇಗ ಮನಸ್ಸು ಮಾಡು. ನನ್ನ ಮಗ ಟಿವಿ ಡಬ್ಬಕ್ಕೆ ಒರಗಿ ಕೂತು ಅಂಗೈಯಷ್ಟು ಫೋನಿನಲ್ಲಿ ಕ್ರಿಕೆಟ್ ನೋಡುತ್ತಿದ್ದಾನೆ. ನೀನು ಹೋದ ಮೇಲೆ ಹುಟ್ಟಿದವನು, ನಿನ್ನನ್ನು ಒಂದು ಸಲವೂ ಕಂಡವನಲ್ಲ, ಆದರೂ ದಿನಾ ಬೆಳಗ್ಗೆ ಕೇಳುತ್ತಾನೆ, ಅವರು ಯಾವಾಗ ಬರ್ತಾರಮ್ಮ ಅಂತ.

ಹೋದ ಕಿವಿ ಹೋಯಿತು, ನಿನ್ನ ಕಣ್ಣು ತಂಪಾಗಿರಲಿ. ಮೊಣಕಾಲೂ ಗಟ್ಟಿಯಾಗಿರಲಿ, ನಮ್ಮ ಮನೆಗೆ ಮೆಟ್ಟಿಲು ಜಾಸ್ತಿ.

ದಾರಿ ನೋಡುತ್ತಿರುವ,
ಮೆಣಸಿನಕಾಯಿ