ಅರ್ಧಕ್ಕೆ ಇಳಿಸಿ ಕೇಳಿದ ಮಾತು

ಸುರೇಬಾನ, ತಾ. ರಾಮದುರ್ಗ
೧೦ ಫೆಬ್ರುವರಿ ೨೦೨೫

ಪ್ರೀತಿಯ ಮಗಳು ನಾಗರತ್ನಾಳಿಗೆ ನಿನ್ನ ಅಪ್ಪ ಕಾಡಪ್ಪನ ಆಶೀರ್ವಾದ.

ಹೇಗಿದ್ದೀಯವ್ವಾ? ಬರಿಹೊಟ್ಟೆಯಲ್ಲಿ ನುಂಗುವ ಥೈರಾಯ್ಡಿನ ಗುಳಿಗೆ ಬಿಟ್ಟಿಲ್ಲ ತಾನೇ? ಅಂಗನವಾಡಿಯಲ್ಲಿ ದಿನವಿಡೀ ನೆಲದ ಮೇಲೆ ಕೂತು ಸೊಂಟ ಹಿಡಿಯುತ್ತದೆ ಎನ್ನುತ್ತಿದ್ದೆ, ಈಗ ಕಡಿಮೆಯೋ ಹೆಚ್ಚೋ ತಿಳಿಯದು. ಅಳಿಯ ಸಚಿನ ತಿಂಗಳಿಗೊಮ್ಮೆ ಫೋನು ಮಾಡಿ, 'ಎಲ್ಲಾರೂ ಆರಾಮ ಅದೇವ್ರಿ ಮಾವಾ' ಎಂದು ಅಷ್ಟಕ್ಕೇ ಮುಗಿಸುತ್ತಾನೆ. ಒಳ್ಳೆಯ ಹುಡುಗ, ಆದರೆ ಅವನ ಬಾಯಿಂದ ಮಾತು ತೆಗೆಯುವುದಕ್ಕಿಂತ ಹಸಿದ ಎತ್ತಿನ ಬಾಯಿಂದ ಕಣಿಕೆ ಕಿತ್ತುಕೊಳ್ಳುವುದು ಸುಲಭ. ನನ್ನ ವಿಷಯ ಹೇಳುವುದಾದರೆ, ರೊಟ್ಟಿ ನಾನೇ ಬಡಿಯುತ್ತೇನೆ. ಮೊದಲು ಅವು ನಮ್ಮ ತಾಲೂಕಿನ ನಕಾಶೆಯಂತೆ ಬರುತ್ತಿದ್ದವು, ಈಗ ಸುಮಾರು ದುಂಡಗಾಗಿವೆ. ಕಿತ್ತೂರೇನು ಪರದೇಶವಲ್ಲ. ನಸುಕಿನಲ್ಲಿ ಬಸ್ಸು ಹತ್ತಿದರೆ ಊಟದ ಹೊತ್ತಿಗೆ ನಿನ್ನ ಮನೆಯ ಮುಂದೆ ಇಳಿಯಬಹುದು. ಎಂಟು ತಿಂಗಳಾಯಿತು, ನಾನು ಹತ್ತಲಿಲ್ಲ, ನೀನೂ ಹತ್ತಲಿಲ್ಲ. ನಿನ್ನದು ಸಿಟ್ಟು, ಅದಕ್ಕೆ ಕಾರಣವಿದೆ. ನನ್ನದು ಅಂಜಿಕೆ.

ನಿನ್ನ ಅವ್ವನನ್ನು ಮಣ್ಣು ಮಾಡಿದ ಮೂರನೆಯ ದಿನ ನೀನು ಹಿತ್ತಲ ಬಾಗಿಲಲ್ಲಿ ನಿಂತು ಹೇಳಿದ್ದು ನೆನಪಿದೆ: 'ಅಪ್ಪಾ, ಅವ್ವ ಹ್ವಾಗೂ ಮುಂದ ನಿನಗೊಂದು ಮಾತ ಹೇಳ್ಯಾಳ. ನೀನಾಗಿ ಕೇಳಿದ್ರ ಹೇಳತೇನಿ.' ನಾನು ಕೇಳಲಿಲ್ಲ. ಕೇಳುವುದೇನಿದೆ, ಏನು ಹೇಳಿರುತ್ತಾಳೆಂದು ನನಗೆ ಗೊತ್ತೇ ಇದೆ ಎಂದುಕೊಂಡೆ. ನಲವತ್ತು ವರ್ಷ ದನದ ಸಂತೆಯಲ್ಲಿ ದಲಾಲಿ ಮಾಡಿದವನು ನಾನು. ಎದುರಿನವನು ಬಾಯಿ ತೆರೆಯುವ ಮೊದಲೇ ಅವನ ಮಾತು ಎಲ್ಲಿಗೆ ನಿಲ್ಲುತ್ತದೆಂದು ಗೊತ್ತಿರಬೇಕು. ಯಾರು ಏನು ಹೇಳಿದರೂ ಮೊದಲು ಅರ್ಧಕ್ಕೆ ಇಳಿಸಿ ಕೇಳಬೇಕು. ಬರಿಗಾಲಲ್ಲಿ ಇನ್ನೊಬ್ಬರ ದನ ಹೊಡೆಯುತ್ತಿದ್ದ ನಾನು ಮೇಲೆ ಬಂದದ್ದು ಈ ಎರಡು ವಿದ್ಯೆಯಿಂದ. ಅವತ್ತು ಬೆಳಿಗ್ಗೆ ನಿನ್ನ ಅವ್ವ, 'ಎದಿ ಭಾಳ ಹಿಡದೈತ್ರಿ, ಇವತ್ತ ಹೋಗಬ್ಯಾಡ್ರಿ' ಎಂದಳು. ನಾನು ಅದನ್ನೂ ಅರ್ಧಕ್ಕೆ ಇಳಿಸಿದೆ. 'ವಾಯು ಆಗೈತಿ, ಅಜವಾನ ತಿಂದು ಬಿಸಿನೀರ ಕುಡಿ' ಎಂದು ಬೈಲಹೊಂಗಲದ ಸಂತೆಗೆ ಹೋದೆ.

ಅಲ್ಲಿ ನನ್ನ ಕೈ ಇನ್ನೊಬ್ಬನ ವಲ್ಲಿಯ ಕೆಳಗಿತ್ತು. ನಿನಗೆ ಗೊತ್ತಿರುವುದೇ, ಬಟ್ಟೆಯ ಮರೆಯಲ್ಲಿ ಬೆರಳು ಹಿಡಿದೇ ನಾವು ದರ ಮಾತಾಡುವುದು, ಮಾತು ಮುಗಿಯುವವರೆಗೆ ಕೈ ತೆಗೆಯುವಂತಿಲ್ಲ. ತೆಗೆದರೆ ಎದುರಿನವನಿಗೆ ಅವಮಾನ. ಕಿಸೆಯಲ್ಲಿ ಫೋನು ಹೊಡೆದುಕೊಂಡಿತು. ಇನ್ನೊಂದು ಕೈ ಖಾಲಿಯೇ ಇತ್ತು ನಾಗವ್ವಾ. ಇದನ್ನು ಯಾರಿಗೂ ಹೇಳಿಲ್ಲ. ಆ ಕೈಯಿಂದ ಫೋನು ತೆಗೆದು, ನಿನ್ನ ಹೆಸರು ನೋಡಿ, ಮತ್ತೆ ಕಿಸೆಗೆ ಇಟ್ಟೆ. ಅವತ್ತು ತವರಿಗೆ ಬಂದಿದ್ದ ನೀನು ಹನ್ನೊಂದು ಸಲ ಮಾಡಿದ್ದೆ. ರಾಮದುರ್ಗದ ದವಾಖಾನೆ ಮುಟ್ಟುವ ಮೊದಲೇ, ಗಾಡಿಯಲ್ಲಿ, ನಿನ್ನ ತೊಡೆಯ ಮೇಲೆ ಅವಳು ಹೋದಳು.

ಈಗ ನನ್ನ ಸುದ್ದಿ ಕೇಳು, ನಗಬೇಡ. ದೀಪಾವಳಿ ಆದ ಮೇಲೆ, ಮಧ್ಯಾಹ್ನ ಉಂಡು ಪಡಸಾಲೆಯಲ್ಲಿ ಅಡ್ಡಾದಾಗ ಒಂದು ಕನಸು ಬಿತ್ತು. ಸಂತೆಯಲ್ಲಿ ಒಂದು ಖಿಲಾರಿ ಎತ್ತಿನ ಬಾಯಿ ಬಿಡಿಸಿ ನೋಡುತ್ತಿದ್ದೇನೆ. ಮೇಲಿನ ದವಡೆಯ ಮುಂದುಗಡೆ ಸಾಲಾಗಿ ಹಲ್ಲು, ನಮ್ಮ ನಿಮ್ಮ ಹಾಗೆ! ದನಕ್ಕೆ ಅಲ್ಲಿ ಹಲ್ಲು ಎಲ್ಲಿಂದ ಬರಬೇಕು? ಅಲ್ಲಿ ಬರೀ ವಸಡು. 'ಕಾಡಪ್ಪಾ, ಇದು ಕನಸಪಾ' ಎಂದೆ. ಎಚ್ಚರವಾಗಲಿಲ್ಲ. ಕನಸಿನೊಳಗೇ ನಿಂತು, ಕನಸೆಂದು ತಿಳಿದು, ಬೇಕಾದಲ್ಲಿ ನಡೆದಾಡಿದೆ. ಗಿರಾಕಿ ಇಷ್ಟು ಕೊಡುತ್ತಾನೆ ಎಂದುಕೊಂಡರೆ ಅಷ್ಟೇ ಕೊಟ್ಟ. ಎತ್ತು ನೀರು ಕುಡಿಯಲಿ ಎಂದೆ, ಕುಡಿಯಿತು. ಹಾರಲಿ ಎಂದೆ, ಹಾರಲಿಲ್ಲ, ಏಕೆಂದರೆ ಎತ್ತು ಹಾರುತ್ತದೆಂದು ನನಗೇ ನಂಬಿಕೆ ಇರಲಿಲ್ಲ. ಆಮೇಲೆ ಮನೆಯ ಕಡೆ ತಿರುಗಿದೆ. ಅಡಿಗೆಮನೆಯ ಬಾಗಿಲು ಅರ್ಧ ಮುಚ್ಚಿತ್ತು. ದೂಡುವ ಮೊದಲೇ ಮನಸ್ಸಿನಲ್ಲಿ, ಇವಳು ನನ್ನ ಮುಖ ನೋಡುವುದಿಲ್ಲ ಎಂದುಕೊಂಡೆ. ಒಳಗೆ ನಿನ್ನ ಅವ್ವ ಬೆನ್ನು ತಿರುಗಿಸಿ ರೊಟ್ಟಿ ಬಡಿಯುತ್ತಿದ್ದಳು. ಬೆನ್ನು ತಿರುಗಿಸಿಕೊಂಡೇ ಹೇಳಿದಳು: 'ನೀವು ನನಗ ಮಣ್ಣ ಕೊಡಬ್ಯಾಡ್ರಿ.' ತಿಂಗಳಲ್ಲಿ ನಾಲ್ಕು ಸಲ ಅದೇ ಕನಸು ಬಿತ್ತು, ನಾಲ್ಕು ಸಲವೂ ನಿನ್ನ ಬಾಯಿಂದ ಕೇಳಲು ಅಂಜಿದ್ದ ಅದೇ ಮಾತು, ಒಂದಕ್ಷರ ಹೆಚ್ಚಿಲ್ಲ, ಕಡಿಮೆಯಿಲ್ಲ.

ಹೂಲಿಯ ರಾಮಲಿಂಗಪ್ಪ ಮಾಸ್ತರು ಆಕಳು ನೋಡಲು ಬಂದಾಗ ಇದನ್ನು ಹೇಳಿದೆ. ರಿಟೈರಾದರೂ ಓದು ಬಿಟ್ಟ ಮನುಷ್ಯ ಅಲ್ಲ. 'ಅದು ಎಚ್ಚರದ ಕನಸು ಕಾಡಪ್ಪ. ಒಳಗ ಏನ ಇರತೈತಿ ಅಂತ ನೀ ಮೊದಲ ಬರಕೊಂಡು ಹೋಗತಿ, ಅದನ್ನ ಅಲ್ಲಿ ಓದತಿ. ಚಲೋದು ಬರಕೊಂಡು ಹೋಗಿ ನೋಡು' ಎಂದರು. ಹಾಗೇ ಮಾಡಿದೆ. ಇವಳು ನಗುತ್ತಾಳೆ, ಚಹಾ ಕೊಡುತ್ತಾಳೆ ಎಂದು ಹತ್ತು ಸಲ ಅಂದುಕೊಂಡು ಬಾಗಿಲು ದೂಡಿದೆ. ನಕ್ಕಳು, ಚಹಾನೂ ಕೊಟ್ಟಳು. 'ನೀವರೆ ಏನ ಮಾಡ್ತಿದ್ರಿ, ವ್ಯಾಪಾರದಾಗ ಇದ್ರಿ' ಎಂದಳು. ಜೂನ್ ತಿಂಗಳಿನಿಂದ ನನಗೆ ನಾನೇ ಹೇಳಿಕೊಳ್ಳುತ್ತಿದ್ದ ಮಾತು ಅದು. ಮೂವತ್ತಾರು ವರ್ಷದ ಸಂಸಾರದಲ್ಲಿ ನಿನ್ನ ಅವ್ವ ಒಂದು ದಿನವೂ ನನ್ನನ್ನು ಅಷ್ಟು ಅಗ್ಗಕ್ಕೆ ಬಿಟ್ಟವಳಲ್ಲ. ಚಹಾದಲ್ಲಿ ರುಚಿ ಇರಲಿಲ್ಲ.

ಆಗ ಒಂದು ಪರೀಕ್ಷೆ ಮಾಡಿದೆ. ಅವಳ ಟ್ರಂಕಿನ ಕೀಲಿ ಎಲ್ಲಿದೆಯೋ ನನಗೆ ಗೊತ್ತಿರಲಿಲ್ಲ, ಅದನ್ನೇ ಕನಸಿನಲ್ಲಿ ಕೇಳಿದೆ. 'ಜ್ವಾಳದ ಚೀಲದಾಗ' ಎಂದಳು. ಎದ್ದು ಎರಡು ಚೀಲ ಜೋಳ ಅಂಗಳದಲ್ಲಿ ಸುರಿದು ಜಾಲಾಡಿದೆ, ಇರಲಿಲ್ಲ. ಪಕ್ಕದ ಮನೆಯ ಕರೆವ್ವ ನಿಂತು ನೋಡಿ, 'ಯಾಕ ಅಣ್ಣಾರ, ಗುಬ್ಬಿಗೋಳ್ನ ಊಟಕ್ಕ ಕರದೀರೇನು?' ಎಂದಳು. ಕೀಲಿ ಎಂದೆ. ತನ್ನ ಮನೆಯೊಳಗೆ ಹೋಗಿ ತಂದು ಕೊಟ್ಟಳು. ಎಂಟು ತಿಂಗಳಿಂದ ಅವಳ ಹತ್ತಿರವೇ ಇತ್ತಂತೆ, ನಾನು ಕೇಳಲಿಲ್ಲವಂತೆ.

ಟ್ರಂಕಿನಲ್ಲಿ ನಿನಗೆಂದು ತೆಗೆದಿಟ್ಟ ಇಲಕಲ್ಲ ಸೀರೆ, ಅದರ ಮಡಿಕೆಯಲ್ಲಿ ದವಾಖಾನೆಯ ಎರಡು ಚೀಟಿ. ಮಾರ್ಚ್ ತಿಂಗಳಿನವು. ಬೆಳಗಾವಿಗೆ ಕರೆದೊಯ್ದು ಹೃದಯ ತೋರಿಸಬೇಕೆಂದು ಡಾಕ್ಟರು ಬರೆದಿದ್ದರಂತೆ, ಮೆಡಿಕಲ್ ಅಂಗಡಿಯವನು ಓದಿ ಹೇಳಿದ. ಕರೆವ್ವನನ್ನು ಜೊತೆ ಮಾಡಿಕೊಂಡು ತಾನೇ ಹೋಗಿ ಬಂದಿದ್ದಳು. ನನಗ್ಯಾಕೆ ಹೇಳಲಿಲ್ಲ ಎಂದು ಕರೆವ್ವನ ಮೇಲೆ ರೇಗಿದೆ. ಅವಳು ಸೆರಗು ಸರಿಮಾಡಿಕೊಳ್ಳುತ್ತ, 'ನಾನೂ ಕೇಳಿದೆ ಅಣ್ಣಾರ. ಹೇಳಿದ್ರ ಏನ ಉಪಯೋಗ, ಅರ್ಧಾ ಮಾಡಿ ಕೇಳತಾರ ಅಂದ್ಲು' ಎಂದಳು. ಅದು ನಿನ್ನ ಅವ್ವನದೇ ಮಾತು, ನಾನು ಊಹಿಸಲಾರದ ಮಾತು. ಕನಸಿನಲ್ಲಿ ಅಷ್ಟು ಸಲ ಭೇಟಿಯಾದರೂ ಅಂಥದೊಂದು ಮಾತು ಅವಳ ಬಾಯಿಂದ ಬಂದಿರಲಿಲ್ಲ. ಅಲ್ಲಿ ಕೂತು ರೊಟ್ಟಿ ಬಡಿಯುವವಳು ಅವಳಲ್ಲ ನಾಗವ್ವಾ. ಅವಳ ಸೀರೆ ಉಟ್ಟ ನಾನೇ.

ಸೀರೆಯನ್ನು ಈ ಕಾಗದದ ಜೊತೆ ರಿಜಿಸ್ಟರ್ ಪೋಸ್ಟಿನಲ್ಲಿ ಕಳಿಸಿದ್ದೇನೆ. ಚೀಟಿಗಳು ನನ್ನ ಹತ್ತಿರವೇ ಇರಲಿ. ಅಳಿಯನಿಗೆ, ನಿನ್ನ ಅತ್ತೆಗೆ ನನ್ನ ಶರಣು ತಿಳಿಸು. ಹೊಟ್ಟೆ ತುಂಬ ಉಣ್ಣು, ನನ್ನ ಮೇಲಿನ ಸಿಟ್ಟನ್ನು ಊಟದ ಮೇಲೆ ತೀರಿಸಬೇಡ. ನಿನ್ನ ಮನೆ ತಣ್ಣಗಿರಲಿ.

ನಿನ್ನ ಅಪ್ಪ,
ಕಾಡಪ್ಪ

ತಾ.ಕ.: ಪೋಸ್ಟು ಮುಚ್ಚುವ ಹೊತ್ತಾಯಿತು, ಅವಸರದಲ್ಲಿ ಬರೆಯುತ್ತಿದ್ದೇನೆ. ಈಗ ನಾನಾಗಿ ಕೇಳುತ್ತಿದ್ದೇನೆ. ಗಾಡಿಯಲ್ಲಿ ಅವ್ವ ಏನು ಹೇಳಿದಳು? ಅವಳು ಹೇಳಿದ ಹಾಗೇ ಬರೆ, ಬೈದಿದ್ದರೆ ಬೈದ ಹಾಗೇ. ನನ್ನ ವಯಸ್ಸು ನೋಡಿ ಮೆತ್ತಗೆ ಮಾಡಬೇಡ. ಫೋನಿನಲ್ಲಿ ಹೇಳಬೇಡ, ನೀನು ಮುಗಿಸುವ ಮೊದಲೇ ನಾನು ಮಾತು ಹಚ್ಚುತ್ತೇನೆ. ಇನ್ನೊಂದು: ಅವಳು ನನ್ನ ಹೆಸರನ್ನೇ ಎತ್ತದೆ ಹೋಗಿರಬಹುದು, ಸಿಟ್ಟಿಗೆ ನೀನು ಸುಮ್ಮನೆ ಹಾಗೆ ಹೇಳಿರಬಹುದು. ಇದು ಇಷ್ಟು ದಿನ ನನಗೆ ಹೊಳೆದೇ ಇರಲಿಲ್ಲ, ಈ ಸಾಲು ಬರೆಯುವಾಗ ಹೊಳೆಯಿತು. ಹೊಳೆದ ಮೇಲೆ ನಾಳೆ ಮಧ್ಯಾಹ್ನ ಕಣ್ಣು ಮುಚ್ಚಿದರೆ ಅದೇ ಕಾಣುತ್ತದೆ: ಬಾಗಿಲು ದೂಡುತ್ತೇನೆ, ಅವಳು ತಿರುಗಿ ನೋಡುತ್ತಾಳೆ, ಯಾರು ನೀವು ಎನ್ನುತ್ತಾಳೆ. ನಿನ್ನ ಕಾಗದ ಬರುವವರೆಗೆ ನಾನು ಮಧ್ಯಾಹ್ನ ಮಲಗುವುದಿಲ್ಲ. ಬೇಗ ಬರೆಯವ್ವಾ.