ಕ್ಯಾಪ್ಟನ್ ಇಟ್ಟ ಮುಹೂರ್ತ

ಸದಾಶಿವನಗರ, ತುಮಕೂರು
ಭಾನುವಾರ, ೧೧ ಮೇ ೨೦೨೫

ಪ್ರೀತಿಯ ಮಲ್ಲಿಗೆ,

ಈ ಕಾಗದ ನಿನ್ನ ಕೈ ಸೇರುವ ಹೊತ್ತಿಗೆ ನೀನು ಯಾವ ಸಮುದ್ರದಲ್ಲಿರುತ್ತೀಯೋ ಆ ಶಿವನೇ ಬಲ್ಲ. ಅವನಿಗೂ ಗೊತ್ತಿರಲಿಕ್ಕಿಲ್ಲ, ನಿಮ್ಮ ಕಂಪನಿಯವರು ಅವನಿಗೂ ಹೇಳಿರುವುದಿಲ್ಲ. ಎಲ್ಲಿದ್ದರೂ ಚೆನ್ನಾಗಿರು, ಹೊತ್ತು ಹೊತ್ತಿಗೆ ಉಣ್ಣು. ಇಲ್ಲಿ ಅಮ್ಮ, ನಿನ್ನ ಭಾವ, ಮಗಳು ಅಕ್ಷತಾ ಎಲ್ಲರೂ ಆರೋಗ್ಯವಾಗಿದ್ದಾರೆ. ನಾನು ಮಾತ್ರ ಕೆಂಡಾಮಂಡಲವಾಗಿದ್ದೇನೆ, ಅದನ್ನು ಮೊದಲೇ ಹೇಳಿಬಿಡುತ್ತೇನೆ.

ನಿನ್ನ ಮೆಸೇಜು ಬಂದು ಎರಡು ತಿಂಗಳಾಯಿತು. ಉತ್ತರ ಕೊಡದೆ ಇದ್ದದ್ದು ತಪ್ಪೇ. ಎಷ್ಟೋ ಸಲ ಫೋನಿನಲ್ಲಿ ಟೈಪ್ ಮಾಡಿ ಅಳಿಸಿದೆ. ಇಷ್ಟು ದೊಡ್ಡ ಸಿಟ್ಟು ಅಷ್ಟು ಸಣ್ಣ ಫೋನಿನಲ್ಲಿ ಹಿಡಿಸುವುದಿಲ್ಲ ಕಣೋ. ನಿಮ್ಮ ಹಡಗಿನ ಲಾಂಡ್ರಿಯಲ್ಲಿದ್ದಾನಲ್ಲ, ಹಾಗಲವಾಡಿಯ ಲಕ್ಷ್ಮೀಕಾಂತ್, ಅವನು ರಜೆ ಮುಗಿಸಿ ಬುಧವಾರ ವಾಪಸ್ ಹೊರಟಿದ್ದಾನಂತೆ. ಇವತ್ತು ಸಂಜೆ ಮನೆಗೆ ಬಂದು ನಿನಗೆ ಚಟ್ನಿಪುಡಿ ತೆಗೆದುಕೊಂಡು ಹೋಗುತ್ತೇನೆ ಎಂದು ಫೋನ್ ಮಾಡಿದ್ದ. ಅದರ ಜೊತೆ ಇದೂ ಬರಲಿ ಎಂದು ಬೆಳಿಗ್ಗೆಯೇ ಬರೆಯಲು ಕೂತಿದ್ದೇನೆ.

"ರಜೆ ಕ್ಯಾನ್ಸಲ್ ಆಯ್ತು ಅಕ್ಕ. ಹಡಗು ಯುರೋಪಿಗೆ ಹೋಗ್ತಿದೆ. ಬೇಕರಿ ಸೆಕ್ಷನ್ನಲ್ಲಿ ಯಾರನ್ನೂ ಬಿಡ್ತಿಲ್ಲ. ಸಾರಿ." ನೀನು ಬರೆದದ್ದು ಇಷ್ಟೇ. ಲಾಂಡ್ರಿಯವರನ್ನು ಕೊಚ್ಚಿಯಲ್ಲಿ ಇಳಿಸುತ್ತಾರೆ, ಬ್ರೆಡ್ಡು ಸುಡುವವನನ್ನು ಇಳಿಸುವುದಿಲ್ಲ, ಇದು ಯಾವ ಊರಿನ ನ್ಯಾಯ? ಆ ಪ್ರವಾಸಿಗರು ಹೊಲಸು ಬಟ್ಟೆ ಹಾಕಿಕೊಂಡು ಇರುತ್ತಾರೆ, ಬನ್ನು ಇಲ್ಲದೆ ಇರುವುದಿಲ್ಲ ಅಂತಲೋ?

ನಾವು ಮಾಡಿದ ತಪ್ಪನ್ನು ಈಗ ಯೋಚಿಸಿದರೆ ನನಗೇ ನಗು ಬರುತ್ತದೆ. ಲೋಕದಲ್ಲಿ ಎಲ್ಲರೂ ಪಂಚಾಂಗ ನೋಡಿ ಮುಡಿ ತೆಗೆಸುತ್ತಾರೆ. ನಾವು ಹಡಗಿನ ವೆಬ್‌ಸೈಟ್ ನೋಡಿ ಅಕ್ಷತಾಳ ಮುಡಿಗೆ ದಿನ ಇಟ್ಟೆವು. ನವೆಂಬರ್ ಎಂಟಕ್ಕೆ ಹಡಗು ಮುಂಬಯಿಗೆ ಬರುತ್ತದೆ, ಅಲ್ಲಿಂದ ಚಳಿಗಾಲವೆಲ್ಲ ಮುಂಬಯಿ, ಗೋವಾ, ಲಕ್ಷದ್ವೀಪ ಎಂದು ಅದರಲ್ಲಿ ಚಿತ್ರದ ಸಮೇತ ಹಾಕಿದ್ದರು. ಕಾರ್ತಿಕದ ಮೂರನೇ ಸೋಮವಾರ ಎಡೆಯೂರಿನಲ್ಲಿ ಎಂದು ಗುಬ್ಬಿಯಲ್ಲಿ ಕಾರ್ಡು ಹಾಕಿಸಿಬಿಟ್ಟೆ. ಅಷ್ಟರಲ್ಲಿ ನೀನು ಫೋನ್ ಮಾಡಿ, ಸಿಂಗಪುರದ ಟ್ರಿಪ್ಪುಗಳಿಗೆ ಜನ ಮುಗಿಬೀಳುತ್ತಿದ್ದಾರೆ, ಮುಂಬಯಿಯಲ್ಲಿ ಅರ್ಧ ರೂಮೂ ಹೋಗಿಲ್ಲ, ಅದಕ್ಕೇ ಹಡಗನ್ನು ಅಲ್ಲೇ ಉಳಿಸಿಕೊಂಡರು ಅಂದೆ. ಸರಿ, ಸಂಕ್ರಾಂತಿ ಕಳೆದ ಮೇಲಿನ ಸೋಮವಾರ ಎಂದು ಅದೇ ಕಾರ್ಡುಗಳ ಮೇಲೆ ಚೀಟಿ ಅಂಟಿಸಿದೆ. ಹಡಗು ದುಬೈಗೆ ಹೋಯಿತು. ಅಲ್ಲಿ ಹೊಸ ವರ್ಷಕ್ಕೆ ಬಂದವರು ಇನ್ನೂ ಇನ್ನೂ ಬೇಕು ಅಂದರಂತೆ, ಮುಂಬಯಿಗೆ ಯಾವುದೋ ಸಣ್ಣ ಹಡಗು ಕಳಿಸಿದರಂತೆ. ಆಮೇಲೆ ಮಾರ್ಚ್ ಹದಿನೇಳು. ಯುರೋಪಿಗೆ ಹೋಗುವ ದಾರಿಯಲ್ಲಿ ಹನ್ನೆರಡಕ್ಕೆ ಕೊಚ್ಚಿಯಲ್ಲಿ ನಿಲ್ಲುತ್ತದೆ, ಇದು ಗ್ಯಾರಂಟಿ ಅಕ್ಕ ಅಂದೆ. ಈ ಸಲ ಕಾರ್ಡು ಮುಟ್ಟಲಿಲ್ಲ, ಎಲ್ಲರಿಗೂ ಫೋನಿನಲ್ಲೇ ಹೇಳಿದೆ. ಹೇಳಿದ್ದನ್ನು ಫೋನಿನಲ್ಲೇ ವಾಪಸ್ ತೆಗೆದುಕೊಂಡೆ.

ಮೂರನೇ ಸಲ ದಿನ ಕೇಳಲು ಕುಣಿಗಲ್‌ಗೆ ಹೋದಾಗ ನಮ್ಮ ಮನೆ ಅಯ್ಯನವರು ಚನ್ನವೀರಯ್ಯನವರು ಕನ್ನಡಕ ತೆಗೆದು ಪಕ್ಕಕ್ಕಿಟ್ಟರು. "ಏನವ್ವಾ ಸರ್ವಮಂಗಳಾ, ಮುಹೂರ್ತ ನಾನ್ ಇಡ್ಬೇಕೋ, ನಿನ್ ತಮ್ಮನ ಹಡಗಿನ ಕ್ಯಾಪ್ಟನ್ ಇಡ್ಬೇಕೋ? ನಾನ್ ಪಂಚಾಂಗ ತೆಗೆದ್ರೆ ನೀನ್ ಫೋನ್ ತೆಗೀತೀಯ" ಅಂದರು. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು ಎನ್ನುವ ಗಾದೆಯನ್ನೂ ಸೇರಿಸಿದರು.

ಅಂತರಸನಹಳ್ಳಿಯ ಫ್ಯಾಕ್ಟರಿಯಲ್ಲಿ ಮೂರು ಸಲ ರಜೆ ಬರೆದುಕೊಟ್ಟು ಮೂರು ಸಲ ರದ್ದು ಮಾಡಿಸಿದ್ದೇನೆ. ಈಗ ಪ್ಯಾಕಿಂಗ್ ಸೆಕ್ಷನ್ನಿಗೆಲ್ಲ ನಾನು ನಗೆಪಾಟಲು. ಸೂಪರ್‌ವೈಸರ್ ಶಿವರಾಮಯ್ಯ ದಿನಾ ಬೆಳಿಗ್ಗೆ, "ಏನಮ್ಮ, ಹಡಗು ಎಲ್ಲಿಗ್ ಬಂತು? ಅಮಾನಿಕೆರೆಗಾದ್ರೂ ಬಂತಾ?" ಎಂದು ಕೇಳುತ್ತಾರೆ.

ಒಂದು ದಿನ ತಡೆಯಲಾರದೆ ಕಂಪನಿಯ ಮುಂಬಯಿ ನಂಬರಿಗೇ ಫೋನ್ ಮಾಡಿದೆ. ನಿನಗೆ ಹೇಳಿರಲಿಲ್ಲ. ನನ್ನ ಹಿಂದಿ ನಿನಗೆ ಗೊತ್ತಲ್ಲ. ಹಡಗು ಇಂಡಿಯಾಗೆ ಯಾವಾಗ ಬರುತ್ತದೆ ಅಂದರೆ, ಆ ಹುಡುಗಿ ಸಕ್ಕರೆಯಂಥ ದನಿಯಲ್ಲಿ ಎಷ್ಟು ಜನ ಹೋಗುತ್ತೀರಿ ಮೇಡಂ, ಬಾಲ್ಕನಿ ರೂಮು ಬೇಕೋ ಒಳಗಿನ ರೂಮು ಸಾಕೋ ಅಂತಾಳೆ. ಯಾರೂ ಹತ್ತುವುದಿಲ್ಲಮ್ಮ, ಒಬ್ಬನನ್ನು ಇಳಿಸಿಕೊಳ್ಳಬೇಕು ಅಂದೆ. ಅವಳು ನಮ್ಮ ಅತಿಥಿಗಳ ಬೇಡಿಕೆಗೆ ತಕ್ಕಂತೆ ಮಾರ್ಗಗಳನ್ನು ಬದಲಾಯಿಸುತ್ತಿರುತ್ತೇವೆ ಎಂದು ಬಾಯಿಪಾಠ ಒಪ್ಪಿಸಿದಳು. ಅತಿಥಿಗಳಿಗಾದರೆ ದುಡ್ಡು ವಾಪಸ್ ಕೊಡುತ್ತಾರಂತೆ, ಇಲ್ಲವೆಂದರೆ ಬೇರೆ ಟ್ರಿಪ್ಪಂತೆ. ಕಾಯುತ್ತಾ ಕೂತ ಅಕ್ಕಂದಿರಿಗೆ ಏನು ಕೊಡುತ್ತೀರಿ ಎಂದು ಕೇಳಬೇಕು ಅನಿಸಿತು. ಅಷ್ಟು ಹಿಂದಿ ಬರಲಿಲ್ಲ.

ನಿನ್ನ ಭಾವನಿಗೆ ಹೇಳಿದರೆ ಅವರು ಕಂಪನಿಯ ಪರ. ಬಸ್ ಡ್ರೈವರ್ ಬುದ್ಧಿ ಎಲ್ಲಿಗೆ ಹೋಗುತ್ತದೆ? "ಮದುವೆ ಸೀಸನ್ನಲ್ಲಿ ನಮ್ ಓನರ್ ಏನ್ ಮಾಡ್ತಾರೆ? ಧರ್ಮಸ್ಥಳಕ್ಕೆ ಸ್ಪೆಷಲ್ ಸಿಕ್ತು ಅಂದ್ರೆ ಗುಬ್ಬಿ ರೂಟ್ ಬಿಡ್ಸಿ ಕಳಿಸ್ತಾರೆ. ಹಡಗೂ ಒಂದ್ ಬಸ್ಸೇ ಕಣೇ. ಸೀಟ್ ತುಂಬೋ ಕಡೆ ಓಡುತ್ತೆ" ಅಂದರು.

"ಅವತ್ತು ಸ್ಟಾಪಲ್ಲಿ ಕಾಯ್ಕೊಂಡ್ ನಿಂತಿರ್ತಾರಲ್ಲಾ ರೀ, ಅವ್ರಿಗೇನ್ ಹೇಳ್ತೀರ?" ಎಂದು ಕೇಳಿದೆ.

"ಹೇಳೋದೇನು, ಬೈಕೋತಾರೆ" ಎಂದು ಕೈತೊಳೆಯಲು ಎದ್ದು ಹೋದರು. ನಾನೂ ಈಗ ಅದನ್ನೇ ಮಾಡುತ್ತಿದ್ದೇನೆ.

ನಿನ್ನ ಸೊಸೆಯ ವಿಷಯಕ್ಕೆ ಬರುತ್ತೇನೆ. ಹುಟ್ಟುಕೂದಲು ಈಗ ಭುಜ ದಾಟಿದೆ. ಈ ಸೆಕೆಗೆ ಕತ್ತಿನ ಹಿಂದೆಲ್ಲ ಬೆವರುಗುಳ್ಳೆ, ಹೇನು ಬೇರೆ. ಪ್ಲೇಸ್ಕೂಲಿನ ಮೋನಿಕಾ ಮಿಸ್ ಡೈರಿಯಲ್ಲಿ ಎರಡು ಸಲ ಬರೆದು ಕಳಿಸಿದರು. ಹೋಗಿ, ಸೋದರಮಾವ ತೊಡೆಯ ಮೇಲೆ ಕೂರಿಸಿಕೊಂಡು ಮೊದಲ ಕತ್ತರಿ ಇಡುವವರೆಗೂ ನಮ್ಮಲ್ಲಿ ಕೂದಲು ತೆಗೆಸುವಂತಿಲ್ಲ ಎಂದು ವಿವರಿಸಿದೆ. ಮಾವ ಎಲ್ಲಿದ್ದಾರೆ ಅಂದರು. ಏನು ಹೇಳಲಿ? ಈ ಮಗು ಬಾಚಣಿಗೆ ಕಂಡರೆ ಓಡುತ್ತದೆ, ಯಾರು ಜಡೆ ಮುಟ್ಟಿದರೂ "ಮಾಮ ಬಂದ್ಮೇಲೆ! ಮಾಮ ಬಂದ್ಮೇಲೆ!" ಎಂದು ಕಿರುಚುತ್ತದೆ. ನಾವೇ ಹೇಳಿಕೊಟ್ಟದ್ದು.

ಅಮ್ಮನಿಗೆ ನೋಡಲಾಗುತ್ತಿಲ್ಲ. "ನಿನ್ ದೊಡ್ಡಪ್ಪನ ಮಗ ಇಲ್ವೇನೇ? ಅವನ ತೊಡೆ ಮೇಲೆ ಕೂರ್ಸಿ ತೆಗ್ಸಿಬುಡು. ಹುಡುಗಿ ಕೆರ್ಕೊಂಡು ಕೆರ್ಕೊಂಡು ಗಾಯ ಮಾಡ್ಕೊಂಡವ್ಳೆ" ಎನ್ನುತ್ತಾಳೆ. ಆಗುವುದಿಲ್ಲ ಅಂದೆ. ನನಗೆ ಒಡಹುಟ್ಟಿದವನು ಒಬ್ಬನೇ, ಅವನಿರುವಾಗ ಇನ್ನೊಬ್ಬನ ತೊಡೆ ನನಗೆ ಬೇಡ ಅಂದೆ. ಹಟಮಾರಿ ಎಂದು ಬೈದಳು, ಸರಿಯಾಗಿಯೇ ಬೈದಳು. ಆದರೂ ಮನಸ್ಸು ಒಪ್ಪುವುದಿಲ್ಲ ಮಲ್ಲಿ. ಅಕ್ಷತಾ ಹುಟ್ಟಿದ ವರ್ಷವೇ ಅಪ್ಪ ಹೋದರು, ಆಗ ಮುಡಿ ತೆಗೆಸಲಾಗಲಿಲ್ಲ. ಜೂನ್ ಇಪ್ಪತ್ತೆಂಟಕ್ಕೆ ಮೂರು ತುಂಬುತ್ತದೆ. ಬೆಸ ವರ್ಷದಲ್ಲೇ ಆಗಬೇಕು, ಅದು ದಾಟಿದರೆ ಮತ್ತೆ ಐದನೇ ವರ್ಷವೇ ಎಂದು ಅಯ್ಯನವರು ಹೇಳಿದ್ದಾರೆ. ಐದನೇ ವರ್ಷಕ್ಕೆ ನಿಮ್ಮ ಹಡಗು ಎಲ್ಲಿರುತ್ತದೋ! ಅಕ್ಟೋಬರ್‌ವರೆಗೂ ಯುರೋಪು ಎಂದು ವೆಬ್‌ಸೈಟಿನಲ್ಲಿದೆ. ಇನ್ನು ಅದನ್ನು ನಂಬುವಷ್ಟು ದಡ್ಡಿ ನಾನಲ್ಲ.

ಆದ್ದರಿಂದ ನಾಲ್ಕು ಜನರ ಮುಂದೆ ಕೇಳಿಕೊಂಡೋ, ಜಗಳ ಆಡಿಯೋ, ಜೂನ್ ತಿಂಗಳಲ್ಲಿ ಹತ್ತು ದಿನ ರಜೆ ತೆಗೆದುಕೋ. ನಿನ್ನ ಮೇಲಿನವನಿಗೆ ಹೇಳು, ನಮ್ಮಲ್ಲಿ ಸೋದರಮಾವ ಇಲ್ಲದೆ ಮಗುವಿನ ತಲೆ ಮುಟ್ಟುವ ಹಾಗಿಲ್ಲ ಎಂದು. ಅವರ ಮನೆಯಲ್ಲೂ ಅಕ್ಕತಂಗಿಯರು ಇರುತ್ತಾರೆ. ಕೇಳದೇ ಇದ್ದರೆ ಅವನ ನಂಬರು ಕಳಿಸು, ನಾನು ಮಾತಾಡುತ್ತೇನೆ. ಹಿಂದಿ ಬಾರದಿದ್ದರೂ ನನ್ನ ಸಿಟ್ಟು ಯಾವ ಭಾಷೆಯವನಿಗಾದರೂ ತಿಳಿಯುತ್ತದೆ.

ಚಟ್ನಿಪುಡಿಯನ್ನು ಒಬ್ಬನೇ ತಿನ್ನು, ಆ ಫಿಲಿಪ್ಪೀನ್ ಹುಡುಗರಿಗೆ ಹಂಚಿ ಆಮೇಲೆ ಖಾಲಿಯಾಯಿತು ಅನ್ನಬೇಡ. ಎಡೆಯೂರು ಸಿದ್ಧಲಿಂಗೇಶ್ವರ ನಿನ್ನನ್ನೂ ನಿನ್ನ ಹಡಗನ್ನೂ ಕಾಯಲಿ. ನಿಮ್ಮ ಕಂಪನಿಯವರಿಗೂ ಒಂದಿಷ್ಟು ಒಳ್ಳೆ ಬುದ್ಧಿ ಕೊಡಲಿ. ಅಮ್ಮ ಪಕ್ಕದಲ್ಲೇ ಕೂತು, ನಾನು ಹರಸಿದೆ ಅಂತ ಬರಿ ಎನ್ನುತ್ತಿದ್ದಾಳೆ. ಬರೆದಿದ್ದೇನೆ.

ನಿನ್ನ ಹಟಮಾರಿ ಅಕ್ಕ,
ಸರ್ವಮಂಗಳ

ವಿ.ಸೂ.: ಲಕ್ಷ್ಮೀಕಾಂತ್ ಬಂದಿದ್ದಾನೆ. ನಡುಮನೆಯಲ್ಲಿ ನಿನ್ನ ಭಾವನ ಜೊತೆ ಕೂತಿದ್ದಾನೆ. ನಾನು ಅಡುಗೆಮನೆಯಲ್ಲಿ ನಿಂತು ಇದನ್ನು ಬರೆಯುತ್ತಿದ್ದೇನೆ.

ಕಾಫಿ ಕೊಟ್ಟು ಕೇಳಿದೆ, "ಅಲ್ಲಪ್ಪ, ನಿಮ್ಮನ್ನೆಲ್ಲ ಕೊಚ್ಚೀಲಿ ಇಳಿಸಿ ನಮ್ ಮಲ್ಲೀನ ಯಾಕ್ ಬಿಡ್ಲಿಲ್ಲ?" ಎಂದು. ಪಾಪ, ನೀನು ನನಗೆ ಏನು ಬರೆದಿದ್ದೆ ಎಂದು ಅವನಿಗೆ ಗೊತ್ತಿಲ್ಲ. "ಬಿಡ್ಲಿಲ್ಲ ಅಂತ ಯಾರಂದ್ರು ಅಕ್ಕ? ಕಾಂಟ್ರ್ಯಾಕ್ಟ್ ಮುಗೀತಾ ಬಂದೋರ್ನೆಲ್ಲ ಕೇಳಿದ್ರು. ಮನೆಗೋಗೋರು ಇಳೀರಿ, ಯುರೋಪಿಗ್ ಬರೋರು ಸೈನ್ ಹಾಕಿ ಅಂತ. ಬೇಕರಿಯಿಂದ್ಲೇ ಇಬ್ರು ಇಳಿದ್ರು. ಮಲ್ಲಿ ಹೆಸ್ರು ಇಳಿಯೋರ ಲಿಸ್ಟಲ್ಲೇ ಇತ್ತು, ಅವ್ನೇ ಹೋಗಿ ಹೊಡೆದ್ ಹಾಕಿಸ್ದ" ಅಂದ. ಆಮೇಲೆ ನನ್ನ ಮುಖ ನೋಡಿ ಲೋಟ ಕೆಳಗಿಟ್ಟ.

ಬಿಡಲಿಲ್ಲ ನಾನು. ಯಾಕೆ ಎಂದು ಕೇಳಿದೆ. ಕೊನೆಗೆ ಹೇಳಿದ. "ನಾನೂ ಕೇಳ್ದೆ ಅಕ್ಕ, ಮಗೀನ ಮುಡಿ ಅಲ್ವೇನ್ಲಾ, ಹೋಗು ಅಂತ. ‘ಅವತ್ತು ಬಂದಿದ್ದೋರೆಲ್ಲ ಬಂದಿರ್ತಾರೆ ಕಣೋ. ಅವ್ರ್ ಮುಂದೆ ಕೂರಕ್ಕೆ ನನ್ ಕೈಲಾಗಲ್ಲ’ ಅಂದ. ಯಾವತ್ತು ಅಂತ ಹೇಳ್ಲಿಲ್ಲ."

ಯಾವತ್ತು ಎಂದು ನನಗೆ ಗೊತ್ತು ಮಲ್ಲಿ.

ಅಪ್ಪ ಹೋದಾಗ ನಿನ್ನ ಹಡಗನ್ನು ಯಾವುದೋ ಹೊಸ ದಾರಿಗೆ ಹಾಕಿದ್ದರು, ಆರು ದಿನ ದಡವೇ ಇಲ್ಲ ಅಂದಿದ್ದೆ. ನಾವು ಕಾಯುವಂತಿರಲಿಲ್ಲ, ಹೊಲದಲ್ಲಿ ಮಣ್ಣು ಮಾಡಿದೆವು. ನೀನು ಬಂದು ಮುಟ್ಟಿದ್ದು ಹನ್ನೊಂದನೇ ದಿನ, ಶಿವಗಣಾರಾಧನೆಯ ಊಟಕ್ಕೆ ಜನ ಪಂಕ್ತಿಯಲ್ಲಿ ಕೂತಿದ್ದಾಗ. ಬ್ಯಾಗು ಇನ್ನೂ ಹೆಗಲ ಮೇಲೇ ಇತ್ತು. ಅಷ್ಟು ಜನರ ಮುಂದೆ ನಾನು, "ಮಣ್ಣಿಗೆ ಬರ್ದೇ ಇದ್ದೋನು ಊಟಕ್ಕೆ ಸರಿಯಾಗಿ ಬಂದ ನೋಡಿ" ಅಂದೆ. ನೀನು ಬ್ಯಾಗು ಗೋಡೆಗೆ ಒರಗಿಸಿ ಸಾರಿನ ಬಕೆಟ್ಟು ಎತ್ತಿಕೊಂಡೆ. ಕೊನೆಯ ಪಂಕ್ತಿಯವರೆಗೂ ಬಡಿಸಿದೆ. ನೀನು ಉಂಡದ್ದನ್ನು ನಾನು ನೋಡಲಿಲ್ಲ. ಕೇಳಲೂ ಇಲ್ಲ.

ನೀನು ಮರೆತಿದ್ದೀಯ ಅಂದುಕೊಂಡಿದ್ದೆ. ಸುಳ್ಳು, ಮರೆತಿರಲಿ ಎಂದು ಆಸೆಪಟ್ಟಿದ್ದೆ. ಈ ಆರೇಳು ತಿಂಗಳಿಂದ ಕಂಪನಿಗೆ ಬೈದದ್ದೇ ಬೈದದ್ದು. ಮೊದಲ ಎರಡು ಸಲ ಅವರದೇ ತಪ್ಪು, ಅದರಲ್ಲಿ ಅನುಮಾನವಿಲ್ಲ. ಮೂರನೆಯದು ನನ್ನದು.

ಮೇಲಿನ ಹಾಳೆಗಳನ್ನು ಹರಿದು ಹಾಕೋಣ ಅನಿಸಿತು. ಹರಿಯುವುದಿಲ್ಲ, ನಾನು ಎಂಥವಳು ಎಂದು ನಿನಗೆ ಗೊತ್ತಿರುವುದೇ. ಅವತ್ತು ಬಂದವರನ್ನೆಲ್ಲ ಮುಡಿಗೂ ಕರೆದು, ಅವರೆದುರೇ ತಪ್ಪಾಯಿತು ಅನ್ನುತ್ತೇನೆ. ಅವರು ಯಾರೂ ಬೇಡ ಎಂದು ನೀನಂದರೆ ಯಾರನ್ನೂ ಕರೆಯುವುದಿಲ್ಲ, ಎಡೆಯೂರಿಗೆ ನಾವು ನಾವೇ ಹೋಗಿ ಬರೋಣ. ಜೂನ್ ಆಗದಿದ್ದರೆ ಐದನೇ ವರ್ಷವಾಗಲಿ, ಹೇನು ನಾನು ಹೆಕ್ಕುತ್ತೇನೆ.

ಲಕ್ಷ್ಮೀಕಾಂತ್ ಹೊರಟು ನಿಂತಿದ್ದಾನೆ. ಬಾ ಮಲ್ಲಿ. ಬಂದವನು ಬ್ಯಾಗು ಇಳಿಸಿ ಮೊದಲು ಊಟಕ್ಕೆ ಕೂತ್ಕೋ. ನಾನು ಬಡಿಸುತ್ತೇನೆ.