ಮೂ, ಬಂ ಮತ್ತು ಹೊಡೆದು ಹಾಕಿದ ಲೆಕ್ಕಗಳು

ನನ್ನ ಗಣಿತದ ಮಾಷ್ಟ್ರೇ,

ನಿನ್ನೆ ಬಿ.ಸಿ.ರೋಡಿನಲ್ಲಿ ಮೂಡುಬಿದಿರೆಯ ಬಸ್ಸಿಗೆ ಕಾಯುತ್ತಿದ್ದಾಗ ನಮ್ಮ ಹೈಸ್ಕೂಲಿನ ಹಳೆಯ ಜವಾನರು ಸಿಕ್ಕಿದರು. "ಗಣಿತದ ಮಾಷ್ಟ್ರು ಬೆಳ್ತಂಗಡಿಯಲ್ಲಿ ತೀರಿಹೋದ್ರಂತೆ. ಹದಿನೈದು ದಿನ ಆಯ್ತು, ನಿಮಗೆ ಗೊತ್ತುಂಟಲ್ಲ?" ಎಂದರು. ಗೊತ್ತಿರಲಿಲ್ಲ. "ಹೌದಾ" ಎಂದೆ, ಅಷ್ಟೇ. ಬಸ್ಸು ಬಂತು, ಹತ್ತಿದೆ, ಕಿಟಕಿ ಪಕ್ಕದ ಸೀಟೂ ಸಿಕ್ಕಿತು. ಅಳು ಬರಲಿಲ್ಲ. ಬರಬೇಕಿತ್ತಲ್ಲವೇ? ಇನ್ನೂ ಬಂದಿಲ್ಲ.

ನಮ್ಮ ಜಿಲ್ಲೆ ಮದರಾಸನ್ನು ಬಿಟ್ಟು ಮೈಸೂರಿಗೆ ಸೇರಿದ ಮರುವರ್ಷ ನೀವು ಬೋರ್ಡಿನ ಮೇಲಿದ್ದ ಎಕ್ಸ್, ವೈಗಳನ್ನು ಒರೆಸಿದ್ದು ನೆನಪಿದೆ. ಮೂಡುಬಿದಿರೆಯಿಂದ ಒಂದು ಬಸ್ಸು, ಬಂಟ್ವಾಳದಿಂದ ಒಂದು ಬಸ್ಸು, ದಾರಿಯಲ್ಲಿ ಎಲ್ಲಿ ಎದುರಾಗುತ್ತವೆ ಎಂಬ ಲೆಕ್ಕ. "ಎಕ್ಸ್ ಅಂದ್ರೆ ಯಾವ ಬಸ್ಸು? ದೇವರಿಗೇ ಗೊತ್ತು. ಮೂಡುಬಿದಿರೆಯ ಬಸ್ಸಿನ ವೇಗಕ್ಕೆ 'ಮೂ' ಅಂತ ಇಡುವ, ಬಂಟ್ವಾಳದ್ದಕ್ಕೆ 'ಬಂ'. ನಮ್ಮ ಬಸ್ಸಿಗೆ ನಮ್ಮ ಹೆಸರು ಬೇಡವಾ ಮಾರಾಯ್ತಿ?" ಎಂದು ನನ್ನ ಕಡೆ ನೋಡಿದಿರಿ. ಅದುವರೆಗೆ ಬೀಜಗಣಿತವೆಂದರೆ ನನಗೆ ಜ್ವರ. ಆ ದಿನ ಮೊದಲ ಬಾರಿಗೆ, ನಾನು ಏನನ್ನು ಹುಡುಕುತ್ತಿದ್ದೇನೆಂದು ನನಗೆ ತಿಳಿಯಿತು. ಎಷ್ಟು ಖುಷಿಯಾಗಿತ್ತು!

ಎಸ್ಸೆಸ್ಸೆಲ್ಸಿ ಗಣಿತ ಪರೀಕ್ಷೆಯ ದಿನ ನಡೆದದ್ದನ್ನು ಇವತ್ತಿನವರೆಗೆ ನಾನು ಯಾರಿಗೂ ಹೇಳಿರಲಿಲ್ಲ. ನಾಲ್ಕು ದೊಡ್ಡ ಲೆಕ್ಕಗಳನ್ನು ನೀವು ಕಲಿಸಿದಂತೆಯೇ ಕನ್ನಡ ಅಕ್ಷರಗಳಲ್ಲಿ ಮಾಡಿ ಮುಗಿಸಿದ್ದೆ. ಆಮೇಲೆ ಪ್ರಶ್ನೆಪತ್ರಿಕೆಯ ಮೂಲೆಯಲ್ಲಿದ್ದ ಒಂದು ಎಕ್ಸ್ ಕಣ್ಣಿಗೆ ಬಿತ್ತು. ಪೇಪರು ನೋಡುವವರು ಎಲ್ಲಿಯವರೋ, ಇದನ್ನು ಒಪ್ಪುತ್ತಾರೋ ಇಲ್ಲವೋ... ನಾಲ್ಕನ್ನೂ ಅಡ್ಡಗೆರೆ ಎಳೆದು ಹೊಡೆದು ಹಾಕಿ, ಎಕ್ಸ್ ವೈ ಹಾಕಿ ಮೊದಲಿನಿಂದ ಶುರು ಮಾಡಿದೆ. ಎರಡನೆಯದರ ಅರ್ಧಕ್ಕೆ ಗಂಟೆ ಹೊಡೆಯಿತು.

ಫಲಿತಾಂಶ ಬಂದ ವಾರ ಅಪ್ಪ ನನ್ನನ್ನು ಕರೆದುಕೊಂಡು ನಿಮ್ಮ ಸ್ಟಾಫ್ ರೂಮಿಗೆ ನುಗ್ಗಿದರು. "ನಿಮ್ಮ ಮೂ-ಬಂನಿಂದಾಗಿ ನನ್ನ ಮಗಳ ಒಂದು ವರ್ಷ ಹೋಯ್ತಲ್ಲ ಮಾಷ್ಟ್ರೇ!" ಉಳಿದ ಮಾಷ್ಟ್ರುಗಳೆಲ್ಲ ಕೇಳುತ್ತಿದ್ದರು. ನೀವು ನನ್ನ ಕಡೆ ತಿರುಗಿ ಮೆಲ್ಲಗೆ ಕೇಳಿದಿರಿ: "ಪೇಪರಲ್ಲಿ ಹೇಗೆ ಬರೆದಿದ್ದಿ?" ನಾನು ನೆಲ ನೋಡುತ್ತ, "ನೀವು ಹೇಳಿಕೊಟ್ಟ ಹಾಗೆಯೇ" ಎಂದೆ. ನೀವು ಎದ್ದು ನಿಂತು ಅಪ್ಪನಿಗೆ ಕೈ ಮುಗಿದಿರಿ. "ತಪ್ಪಾಯ್ತು. ಇನ್ನು ಮಾಡುವುದಿಲ್ಲ."

ಮುಂದಿನ ಜೂನಿನಲ್ಲಿ ತಂಗಿ ನಿಮ್ಮ ತರಗತಿಗೆ ಹೋದಳು. ಅವಳ ಪುಸ್ತಕ ತೆರೆದು ನೋಡಿದೆ. ಬರೀ ಎಕ್ಸ್, ಬರೀ ವೈ. "ಮಾಷ್ಟ್ರು ತಮಾಷೆ ಏನೂ ಮಾಡುವುದಿಲ್ಲ, ಬೋರ್ಡು ನೋಡಿಕೊಂಡೇ ಪಾಠ ಮಾಡ್ತಾರೆ" ಎಂದಳು. ಆಗಲಾದರೂ ಬಂದು ಹೇಳಬಹುದಿತ್ತು. ನಾಳೆ, ನಾಡಿದ್ದು ಎನ್ನುತ್ತಿದ್ದಂತೆ ನಿಮಗೆ ಬೆಳ್ತಂಗಡಿಗೆ ವರ್ಗವಾಯಿತು. ನಾನು ಎರಡನೆಯ ಸಲಕ್ಕೆ ಪಾಸಾಗಿ, ಟ್ರೈನಿಂಗ್ ಮುಗಿಸಿ, ಈಗ ಪುತ್ತಿಗೆಯ ಶಾಲೆಯಲ್ಲಿ ಟೀಚರು. ಮಕ್ಕಳಿಗೆ ಸುಳ್ಳು ಹೇಳಬೇಡಿ ಎನ್ನುತ್ತೇನೆ, ನನ್ನ ಧೈರ್ಯ ನೋಡಿ.

ಇವತ್ತು ಸಂಜೆ, ನಮ್ಮ ಜೈನರ ಮನೆಯ ಹೊತ್ತು ಮುಳುಗುವ ಮುಂಚಿನ ಊಟಕ್ಕೆ ಕೂತಾಗ, ಅಪ್ಪನಿಗೆ ಎಲ್ಲವನ್ನೂ ಹೇಳಿಬಿಟ್ಟೆ. ಮಾಷ್ಟ್ರು ಕಲಿಸಿದ ಲೆಕ್ಕಗಳು ಸರಿಯಾಗಿದ್ದವು, ಹೊಡೆದು ಹಾಕಿದ್ದು ನಾನು ಎಂದೆ. ಅವರು ಬೈಯುತ್ತಾರೆಂದುಕೊಂಡಿದ್ದೆ, ಬೈಯಲಿಲ್ಲ. ಅನ್ನವನ್ನು ಅರ್ಧಕ್ಕೇ ಬಿಟ್ಟು ಕೈ ತೊಳೆದು ಬಂದರು.

"ನಾಳೆ ಬೆಳಗ್ಗಿನ ಬಸ್ಸಿಗೇ ಬೆಳ್ತಂಗಡಿಗೆ ಹೋಗುವ. ಅವರ ಕಾಲು ಹಿಡಿದಾದರೂ ತಪ್ಪಾಯ್ತು ಅಂತ ಹೇಳ್ತೇನೆ" ಎಂದರು.

ಈಗ ಒಳಗೆ ಅಂಗಿಗೆ ಇಸ್ತ್ರಿ ಹಾಕುತ್ತಿದ್ದಾರೆ. ನಿಮ್ಮ ಸುದ್ದಿಯನ್ನು ನಾನು ಅವರಿಗಿನ್ನೂ ಹೇಳಿಲ್ಲ, ಮಾಷ್ಟ್ರೇ.